ನೆರಳಿಲ್ಲದ ಬೇಟೆಗಾರ

ಡಿಸೆಂಬರ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ನಾರ್ವೆಯ ಬೆರ್ಗೆನ್ ನಗರದ ದಕ್ಷಿಣಕ್ಕಿರುವ ರೌನೆಫ್ಯೋರ್ಡ್‌ನಲ್ಲಿ ಹೊತ್ತು ಮುಳುಗಲು ಇನ್ನು ಅರ್ಧ ಗಂಟೆಯಷ್ಟೇ ಬಾಕಿ. ಎರಡೂ ಕಡೆ ಬಂಡೆಯ ದಡ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಮರದ ಮನೆ, ನಡುವೆ ಸೀಸದ ಬಣ್ಣದ ನೀರು. ದಡದಲ್ಲಿ ಕಾಣುತ್ತಿರುವುದು ಬೆರ್ಗೆನ್ ವಿಶ್ವವಿದ್ಯಾಲಯದ ಎಸ್ಪೆಗ್ರೆಂಡ್ ಸಮುದ್ರ ಸಂಶೋಧನಾ ಕೇಂದ್ರ. ನೀವು ನಿಂತಿರುವ ದೋಣಿಯಿಂದ ಒಂದು ಉದ್ದನೆಯ ಹಗ್ಗ ನೀರಿಗಿಳಿದಿದೆ. ಹಗ್ಗಕ್ಕೆ ಸಾಲಾಗಿ ಗಾಳಗಳು, ಗಾಳಗಳಿಗೆ ಎರೆ. ಅದರ ಕೆಳತುದಿ ಇನ್ನೂರು ಮೀಟರ್ ಆಳ ಮುಟ್ಟಿದೆ. ಎಳೆಯುವುದು ನಾಳೆ ಬೆಳಿಗ್ಗೆ. ಅಷ್ಟರೊಳಗೆ ಕೆಳಗೆ ಏನೇನು ನಡೆಯುತ್ತದೆಂದು ನೋಡಬೇಕಾದರೆ ಹಗ್ಗದ ಜಾಡು ಹಿಡಿದು ನಾವೂ ಇಳಿಯಬೇಕು.

ಮೊದಲ ಕೆಲವು ಮೀಟರ್‌ನಲ್ಲಿ ನೀರಿಗೆ ಉಪ್ಪು ಕಡಿಮೆ. ಬೆಟ್ಟದ ತೊರೆಗಳು ತಂದು ಸುರಿದ ಸಿಹಿನೀರು ಹಗುರಾಗಿ ಮೇಲೆಯೇ ತೇಲಿಕೊಂಡಿರುತ್ತದೆ. ಅದನ್ನು ದಾಟಿದರೆ ನಿಜವಾದ ಸಮುದ್ರ. ನಿಮ್ಮ ಕೈಗವಸು ಕೆಂಪಗಿದ್ದರೆ ಈಗ ನೋಡಿ, ಕಪ್ಪಾಗಿದೆ. ಸೂರ್ಯನ ಬೆಳಕಿನಲ್ಲಿ ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪನ್ನು. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಐವತ್ತು ಮೀಟರ್ ಇಳಿಯುವಷ್ಟರಲ್ಲಿ ಹಸಿರು ಬೆರೆತ ನೀಲಿಯೊಂದೇ ಉಳಿದಿದೆ. ಇನ್ನೂ ಕೆಳಗೆ ಅದೂ ಮಸುಕಾಗುತ್ತದೆ. ಇನ್ನೂರು ಮೀಟರ್‌ನಲ್ಲಿ ಮೈಮೇಲಿನ ಒತ್ತಡ ದೋಣಿಯ ಮೇಲಿದ್ದಾಗಿನ ಇಪ್ಪತ್ತೊಂದು ಪಟ್ಟು. ನೀರು ಏಳೆಂಟು ಡಿಗ್ರಿ ತಣ್ಣಗಿದೆ. ಕೈ ಚಾಚಿದರೆ ಕೈ ಕಾಣುವುದಿಲ್ಲ.

ಹಾಗೆಂದು ಇಲ್ಲಿ ಬೆಳಕೇ ಇಲ್ಲವೆಂದಲ್ಲ, ಅದನ್ನು ಹಿಡಿಯುವ ಕಣ್ಣು ನಮಗಿಲ್ಲ, ಅಷ್ಟೇ. ಆ ಕಣ್ಣು ಇರುವ ಪ್ರಾಣಿಯೊಂದು ಈಗ ನಿಮ್ಮ ಬಲಗಡೆಯಿಂದ ಸದ್ದಿಲ್ಲದೆ ಬರುತ್ತಿದೆ.

ಉದ್ದ ಅರ್ಧ ಮೀಟರ್‌ಗೂ ಕಡಿಮೆ. ಬೆನ್ನು ಕಂದು, ಹೊಟ್ಟೆ ಅಚ್ಚ ಕಪ್ಪು. ಎರಡು ಬಣ್ಣಗಳ ನಡುವೆ ಗೆರೆ ಎಳೆದಷ್ಟು ಸ್ಪಷ್ಟವಾದ ಅಂಚು. ತಲೆಗೆ ಹೋಲಿಸಿದರೆ ಕಣ್ಣು ತೀರಾ ದೊಡ್ಡದು. ಕಣ್ಣಿನ ಹಿಂದೆ ನೀರೆಳೆದುಕೊಳ್ಳುವ ರಂಧ್ರ, ಅದರ ಹಿಂದೆ ಐದು ಕಿವಿರು ಸೀಳು. ಬೆನ್ನಿನ ಎರಡು ಈಜುರೆಕ್ಕೆಗಳ ಮುಂದೆ ಒಂದೊಂದು ಮುಳ್ಳು. ಹಿಂದಿನ ಮುಳ್ಳು ಹೆಚ್ಚು ಉದ್ದ, ತುಸು ಬಾಗಿದೆ. ಮೈಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಯಂಥ ಹುರುಪೆಗಳು. ಬೇರೆ ಶಾರ್ಕ್‌ಗಳ ಚರ್ಮ ಕೈ ತರಚುವಷ್ಟು ಒರಟು, ಇದರದು ಮಖಮಲ್ಲು. ಇಂಗ್ಲಿಷಿನಲ್ಲಿ ವೆಲ್ವೆಟ್ ಬೆಲ್ಲಿ ಲ್ಯಾಂಟರ್ನ್ ಶಾರ್ಕ್ ಎನ್ನುತ್ತಾರೆ. ಇಲ್ಲಿನ ಮೀನುಗಾರರ ಬಾಯಲ್ಲಿ ಅದು ಸ್ವಾರ್ಟ್‌ಹೋ. 1758ರಲ್ಲಿ ಲಿನೇಯಸ್ ತನ್ನ ಪಟ್ಟಿಗೆ ಸೇರಿಸಿದ ಈ ಜಾತಿ ಈಗ ಎಟ್ಮಾಪ್ಟೆರಸ್ ಸ್ಪೈನಾಕ್ಸ್. ಡಾಗ್‌ಫಿಶ್ ಬಳಗದ ಆಳನೀರಿನ ಕವಲಿಗೆ ಸೇರಿದ್ದು. ಐಸ್‌ಲ್ಯಾಂಡ್, ನಾರ್ವೆಯಿಂದ ಹಿಡಿದು ಮೆಡಿಟರೇನಿಯನ್ ಮತ್ತು ಪಶ್ಚಿಮ ಆಫ್ರಿಕದ ಕರಾವಳಿಯವರೆಗೆ ಇದರ ವಾಸ. ಇಷ್ಟು ಹಳೆಯ ಪರಿಚಯವಿದ್ದೂ ಶಾರ್ಕ್ ಎಂದಾಗ ಯಾರಿಗೂ ನೆನಪಾಗದ ಮೀನು ಇದು.

ಅದರ ಈಜನ್ನು ಸ್ವಲ್ಪ ಹೊತ್ತು ನೋಡಿ. ಅವಸರವಿಲ್ಲ. ಬಾಲವನ್ನು ಒಮ್ಮೆ ಆಡಿಸಿ, ಜಾರಿಕೊಂಡು ಹೋಗಿ, ಮತ್ತೊಮ್ಮೆ ಆಡಿಸುತ್ತದೆ. ಶಾರ್ಕ್‌ಗಳಿಗೆ ಗಾಳಿಚೀಲವಿರುವುದಿಲ್ಲ. ಮುಳುಗದಂತೆ ಇದನ್ನು ಎತ್ತಿಹಿಡಿದಿರುವುದು ಹೊಟ್ಟೆಯ ತುಂಬ ಹರಡಿಕೊಂಡ ಯಕೃತ್ತು, ಮತ್ತು ಅದರಲ್ಲಿ ತುಂಬಿರುವ ನೀರಿಗಿಂತ ಹಗುರವಾದ ಎಣ್ಣೆ. ಈ ಎಣ್ಣೆಯ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಅದರ ಕೆಳಗಿಳಿದು ಮೇಲೆ ನೋಡೋಣ. ನಮ್ಮ ಕಣ್ಣನ್ನು ಬದಿಗಿಟ್ಟು, ಇಲ್ಲಿಯೇ ಹುಟ್ಟಿ ಬೆಳೆದ ಮೀನಿನ ಕಣ್ಣು ನಮಗಿದೆ ಎಂದುಕೊಳ್ಳೋಣ. ತಲೆಯ ಮೇಲೆ ಎಲ್ಲೆಡೆ ಮಂಕಾದ ನೀಲಿ. ಅದರ ಮುಂದೆ ಅಡ್ಡ ಬಂದದ್ದು ಏನಿದ್ದರೂ ಕಪ್ಪು ಆಕಾರವಾಗಿ ಕಾಣುತ್ತದೆ. ಬಯಲಲ್ಲಿ ಬಚ್ಚಿಟ್ಟುಕೊಳ್ಳಲು ಬಂಡೆಯಿಲ್ಲ, ಪಾಚಿಯಿಲ್ಲ. ಮೇಲಿನ ಬೆಳಕೇ ಮೈಯ ಗುಟ್ಟನ್ನು ರಟ್ಟು ಮಾಡುತ್ತದೆ. ಕೆಳಗಿನಿಂದ ಬರುವ ಸೀಲ್ ಆಗಲಿ ದೊಡ್ಡ ಮೀನಾಗಲಿ ಹುಡುಕುವುದು ಈ ಕಪ್ಪು ಆಕಾರವನ್ನೇ.

ಶಾರ್ಕ್ ನಮ್ಮ ನೆತ್ತಿಯ ಮೇಲಿಂದ ಹಾದುಹೋಗುತ್ತಿದೆ. ಕಪ್ಪು ಆಕಾರ ಎಲ್ಲಿ? ಒಂದು ಕ್ಷಣ ಅದರ ಅಂಚು ಕಂಡಂತಾಗಿ ಮರುಕ್ಷಣ ಇಲ್ಲವಾಗುತ್ತದೆ. ಹೊಟ್ಟೆಯಿದ್ದ ಜಾಗದಲ್ಲಿ ನೀಲಿಯೇ ಇದೆ, ಸುತ್ತಲಿನ ನೀಲಿಯಷ್ಟೇ ಮಂಕಾಗಿ. ಆ ಕಪ್ಪು ಹೊಟ್ಟೆ ಬೆಳಗುತ್ತಿದೆ. ಮೇಲಿನಿಂದ ಎಷ್ಟು ಬೆಳಕು ಬೀಳುತ್ತಿದೆಯೋ ಹೆಚ್ಚುಕಡಿಮೆ ಅಷ್ಟನ್ನೇ ಕೆಳಕ್ಕೆ ಚೆಲ್ಲಿ ತನ್ನ ನೆರಳನ್ನು ತಾನೇ ಅಳಿಸಿಕೊಂಡಿದೆ.

ಇನ್ನೂ ಹತ್ತಿರ ಹೋಗಿ ಚರ್ಮದ ಮೇಲೆಯೇ ಕಣ್ಣಿಡೋಣ. ಹುರುಪೆಗಳ ನಡುವಿನ ಬಿಡುವಿನಲ್ಲಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ದೊಡ್ಡ ಚುಕ್ಕೆಗಳಿವೆ. ಒಂದೊಂದು ಚುಕ್ಕೆಯೂ ಒಂದು ಬಟ್ಟಲು. ಅದರ ಗೋಡೆಗೆ ಕಪ್ಪು ಬಣ್ಣದ ಲೇಪ, ಬೆಳಕು ಒಳಮೈಗೆ ಸೋರದಿರಲೆಂದು. ಒಳಗೆ ಬೆಳಕು ಹುಟ್ಟಿಸುವ ಕೆಲವೇ ಜೀವಕೋಶಗಳು. ಬಾಯಿಗೆ ಮಸೂರದಂಥ ಕೋಶಗಳು. ನಡುವೆ ಕಣ್ಣಿನ ಪಾಪೆಯ ಹಾಗೆ ತೆರೆದು ಮುಚ್ಚುವ ಬಣ್ಣದ ಕೋಶಗಳ ಪರದೆ. ಬಣ್ಣದ ಕಣಗಳು ಹರಡಿಕೊಂಡರೆ ಬಟ್ಟಲು ಮುಚ್ಚುತ್ತದೆ, ಒಂದೆಡೆ ಮುದುಡಿಕೊಂಡರೆ ತೆರೆಯುತ್ತದೆ. ಹೊಮ್ಮುವ ಬೆಳಕಿನ ತರಂಗಾಂತರ ಸುಮಾರು 486 ನ್ಯಾನೋಮೀಟರ್, ಅಂದರೆ ಇಷ್ಟು ಆಳಕ್ಕೆ ಇಳಿದು ಬರುವ ಸೂರ್ಯನ ಬೆಳಕಿನ ಬಣ್ಣವೇ. ಹೊಟ್ಟೆಯುದ್ದಕ್ಕೂ, ಪಕ್ಕೆಗಳಲ್ಲಿ, ಬಾಲದ ಬುಡದಲ್ಲಿ ಇಂಥ ಬಟ್ಟಲುಗಳು ಸಾವಿರಾರು. ಚಿಕ್ಕದರಲ್ಲಿ ಇಷ್ಟು ಅಚ್ಚುಕಟ್ಟಾದ ರಚನೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಮೇಲೆ ಈಗ ಸೂರ್ಯ ಮುಳುಗಿದ್ದಾನೆ. ಇಲ್ಲಿ ಅದು ಗೊತ್ತಾಗುವುದು ಶಾರ್ಕಿನ ನಡೆಯಿಂದ. ಅದು ನಿಧಾನವಾಗಿ ಮೇಲೇರತೊಡಗಿದೆ. ಹೊಟ್ಟೆಯ ಬೆಳಕನ್ನು ಕ್ಷಣಕ್ಕೊಮ್ಮೆ ಹೆಚ್ಚು ಕಡಿಮೆ ಮಾಡುವುದು ಇದರ ಕೈಲಾಗದು. ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆದ್ದರಿಂದ ತನ್ನ ಬೆಳಕಿಗೆ ಸರಿಹೊಂದುವ ಆಳವನ್ನೇ ಹುಡುಕಿಕೊಂಡು ಹೋಗುತ್ತದೆ. ಹಗಲಾದರೆ ಕೆಳಗೆ, ಇಳಿಹೊತ್ತಾದರೆ ಮೇಲೆ. ಸಂಶೋಧಕರಾದ ಜೂಲಿಯನ್ ಕ್ಲೇಸ್, ಜೆರೋಮ್ ಮ್ಯಾಲೆಫೆ ಮತ್ತು ಸಂಗಡಿಗರು 2014ರಲ್ಲಿ ಈ ವಾದವನ್ನು ಮಂಡಿಸಿದರು. ನಾವು ಗಡಿಯಾರ ನೋಡಿ ಮನೆ ಬಿಡುತ್ತೇವೆ, ಈ ಮೀನಿಗೆ ಬೆಳಕಿನ ಒಂದು ತೆಳು ಪದರವೇ ಮನೆ. ಅದು ಏರಿದಂತೆ ಇದೂ ಏರುತ್ತದೆ.

ಅದೇ ಪದರದಲ್ಲಿ ಇದರ ಊಟವೂ ಇದೆ. ಸೀಗಡಿಯಂಥ ಪುಟ್ಟ ಕ್ರಿಲ್‌ಗಳ ಹಿಂಡೊಂದು ದಟ್ಟವಾಗಿ ಮೇಲೇರುತ್ತಿದೆ. ಜತೆಗೆ ಪರ್ಲ್‌ಸೈಡ್ ಎಂಬ ಬೆಳ್ಳಿ ಬಣ್ಣದ ಪುಟಾಣಿ ಮೀನು. ವಿಶೇಷವೆಂದರೆ ಪರ್ಲ್‌ಸೈಡ್‌ನ ಹೊಟ್ಟೆಯಲ್ಲೂ ಸಾಲಾಗಿ ಬೆಳಕಿನ ಅಂಗಗಳಿವೆ, ಅದೂ ತನ್ನ ನೆರಳನ್ನು ಅಳಿಸಿಕೊಂಡೇ ಓಡಾಡುವುದು. ಬೇಟೆಗಾರ, ಬೇಟೆ ಇಬ್ಬರೂ ಒಂದೇ ವಿದ್ಯೆ ಕಲಿತವರು. ಹೀಗಿರುವಾಗ ಕಣ್ಣು ಯಾರದು ಚುರುಕೋ ಅವರದೇ ಮೇಲುಗೈ. ಶಾರ್ಕಿನ ಅಕ್ಷಿಪಟಲದಲ್ಲಿ ಮಂದಬೆಳಕನ್ನು ಹಿಡಿಯುವ ಕೋಶಗಳು ಒತ್ತೊತ್ತಾಗಿವೆ. ಅವುಗಳ ಹಿಂದೆ ಕನ್ನಡಿಯಂಥ ಪದರವಿದೆ. ತಪ್ಪಿಸಿಕೊಂಡು ಹೋದ ಬೆಳಕನ್ನು ಅದು ಇನ್ನೊಂದು ಸಲ ಕೋಶಗಳ ಮೂಲಕ ಹಾಯಿಸುತ್ತದೆ. ಕಣ್ಣುಗುಳಿಯ ಮೇಲ್ಭಾಗದ ಚರ್ಮದಲ್ಲಿ ಒಂದಿಷ್ಟು ಜಾಗ ಅರೆಪಾರದರ್ಶಕ, ತಲೆಯ ಮೇಲಿನ ಬೆಳಕು ಅಲ್ಲಿಂದಲೂ ಕಣ್ಣಿಗಿಳಿಯುತ್ತದೆ.

ಬಾಲ ಒಮ್ಮೆ ಬಲವಾಗಿ ಬೀಸಿತು. ಪರ್ಲ್‌ಸೈಡ್‌ಗಳು ಚೆದುರಿದವು. ಒಂದು ಸಿಕ್ಕಿತು. ಮೇಲ್ದವಡೆಯ ಚೂಪಾದ ಹಲ್ಲು ಹಿಡಿಯುತ್ತದೆ, ಕೆಳದವಡೆಯ ಹಲ್ಲುಗಳು ಒಂದಕ್ಕೊಂದು ಹೆಣೆದುಕೊಂಡ ಒಂದೇ ಅಲಗಿನಂತಿದ್ದು ಕತ್ತರಿಸುತ್ತವೆ. ಮರಿಯಾಗಿದ್ದಾಗ ಕ್ರಿಲ್ ಇದರ ಮುಖ್ಯ ಆಹಾರ. ಬೆಳೆದಂತೆ ಮೀನು, ಸೀಗಡಿ, ಸ್ಕ್ವಿಡ್.

ಈಗ ಪಕ್ಕಕ್ಕೆ ಸರಿಯಿರಿ, ದೊಡ್ಡದೇನೋ ಬರುತ್ತಿದೆ. ಶಾರ್ಕ್ ಓಡಲಿಲ್ಲ. ಕೆಳಗಿನಿಂದ ನೋಡಿದರೆ ಅದಿಲ್ಲವೇ ಇಲ್ಲ, ಆದರೆ ಪಕ್ಕದಿಂದ ನೋಡಿದರೆ ಬೆನ್ನಿನ ಮೇಲೆ ಎರಡು ಸಣ್ಣ ಬೆಳಕಿನ ಗೆರೆಗಳು ಕಾಣುತ್ತವೆ. ಅವು ಮುಳ್ಳುಗಳು. ಪ್ರತಿ ಮುಳ್ಳಿನ ಹಿಂದೆ ಸಾಲುಗಟ್ಟಿದ ಬೆಳಕಿನ ಬಟ್ಟಲುಗಳಿವೆ. ಮುಳ್ಳು ಅರೆಪಾರದರ್ಶಕವಾದ್ದರಿಂದ ಬೆಳಕು ಅದನ್ನು ಹಾದು ಹೊರಬೀಳುತ್ತದೆ. 2013ರಲ್ಲಿ ಇದನ್ನು ಪ್ರಕಟಿಸಿದ ಕ್ಲೇಸ್ ಮತ್ತು ಮ್ಯಾಲೆಫೆ ಅವರ ತಂಡ ಹೇಳುವಂತೆ, ಇದು ಮೇಲೆರಗುವವರಿಗೆ ಎಚ್ಚರಿಕೆ: ಇಲ್ಲಿ ಮುಳ್ಳಿದೆ, ನುಂಗಿದರೆ ಗಂಟಲಿಗೆ ಚುಚ್ಚುತ್ತದೆ. ಹೊಟ್ಟೆಯಿಂದ ಬಚ್ಚಿಟ್ಟುಕೊಂಡು ಬೆನ್ನಿನಿಂದ ಹೆದರಿಸುವುದು, ಎರಡೂ ಒಂದೇ ಹೊತ್ತಿನಲ್ಲಿ. ಬಂದದ್ದು ಹತ್ತಿರ ಸುಳಿದು ದೂರ ಸರಿಯಿತು.

ರಾತ್ರಿ ಹೀಗೆ ಕಳೆಯುತ್ತದೆ. ಆದರೆ ಎಲ್ಲ ಸ್ವಾರ್ಟ್‌ಹೋಗಳೂ ಇಷ್ಟು ನಿರಾಳವಾಗಿಲ್ಲ. ಅಗೋ, ಇನ್ನೊಂದು ಬರುತ್ತಿದೆ, ಅದರ ಬೆನ್ನಿನ ಮುಳ್ಳಿನ ಬುಡದಲ್ಲಿ ಏನೋ ಜೋತಾಡುತ್ತಿದೆ. ಮೆತ್ತಗಿನ, ಕಪ್ಪು ಮಿಶ್ರಿತ ಊದಾ ಬಣ್ಣದ ಎರಡು ಚೀಲಗಳು. ಅನೆಲಾಸ್ಮಾ ಸ್ಕ್ವಾಲಿಕೋಲ ಎಂಬ ಪರಾವಲಂಬಿ ಅದು. ಬಂಡೆಗೂ ದೋಣಿಯ ತಳಕ್ಕೂ ಅಂಟಿ ಬೆಳೆಯುವ ಬಾರ್ನಕಲ್‌ಗಳ ವಂಶದ್ದು. ಆದರೆ ಬಾರ್ನಕಲ್‌ಗಳ ಹಾಗೆ ನೀರನ್ನು ಸೋಸಿ ತಿನ್ನುವುದನ್ನು ಬಿಟ್ಟಿದೆ. ಮಾವಿನ ಕೊಂಬೆಗೆ ಬಂದಣಿಕೆ ಬೇರಿಳಿಸುವಂತೆ ಶಾರ್ಕಿನ ಮಾಂಸದೊಳಕ್ಕೆ ಕವಲು ಕವಲಾಗಿ ಬೇರು ಬಿಟ್ಟು ಅಲ್ಲಿಂದಲೇ ಸಾರ ಹೀರುತ್ತದೆ. ಸಾಮಾನ್ಯವಾಗಿ ಜೋಡಿಯಾಗಿಯೇ ಇರುತ್ತದೆ. ಶಾರ್ಕ್ ಸಾಯುವುದಿಲ್ಲ, ಆದರೆ ಅದರ ಸಂತಾನಾಂಗಗಳು ಸರಿಯಾಗಿ ಬಲಿಯುವುದಿಲ್ಲ. ಡಾರ್ವಿನ್ 1851ರಲ್ಲಿ ಬಾರ್ನಕಲ್‌ಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಇದಕ್ಕೂ ಜಾಗ ಕೊಟ್ಟ. ಬೆರ್ಗೆನ್ ವಿಶ್ವವಿದ್ಯಾಲಯದ ಹೆನ್ರಿಕ್ ಗ್ಲೆನ್ನರ್ ಮತ್ತು ಸಂಗಡಿಗರು 2014ರಲ್ಲಿ ಇದರ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅತಿ ಹತ್ತಿರದ ನೆಂಟ ಸಿಕ್ಕಿದ್ದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ತೀರದ ಬಂಡೆಗಳಲ್ಲಿ, ಅಲೆ ಬಡಿಯುವ ಜಾಗದಲ್ಲಿ ಬದುಕುವ ಒಂದು ಬಾರ್ನಕಲ್. ಬಿಸಿಲಿನ ಬಂಡೆಯ ಕುಲದವರು ಕತ್ತಲ ಶಾರ್ಕಿನ ಬೆನ್ನು ಸೇರುವುದಕ್ಕೆ ಎಷ್ಟು ಕೋಟಿ ವರ್ಷದ ದಾರಿ ನಡೆದಿರಬೇಕು!

ಬೆಳಗಾಯಿತು. ಹಗ್ಗ ಅಲುಗಿತು, ಮೇಲಿನಿಂದ ಎಳೆಯುತ್ತಿದ್ದಾರೆ. ಗಾಳ ಕಚ್ಚಿದ ಶಾರ್ಕ್‌ಗಳ ಜತೆ ನಾವೂ ಮೇಲೇರೋಣ. ಗಾಳಿಚೀಲವಿರುವ ಮೀನುಗಳನ್ನು ಇಷ್ಟು ಆಳದಿಂದ ಎಳೆದರೆ ಚೀಲ ಉಬ್ಬಿ ಹೊಟ್ಟೆ ಕಿತ್ತುಕೊಂಡು ಬರುತ್ತದೆ. ಶಾರ್ಕಿಗೆ ಆ ಗಂಡಾಂತರವಿಲ್ಲ. ದೋಣಿಯ ಮೇಲೆ ಬಂದಾಗ ಜೀವಂತವಾಗಿಯೇ ಒದ್ದಾಡುತ್ತದೆ. ಹಗಲ ಬೆಳಕಿನಲ್ಲಿ ಅದರ ಕಣ್ಣು ಗಾಜಿನ ಹಸಿರು. ಹೊಟ್ಟೆಯಲ್ಲಿ ಬೆಳಕಿನ ಸುಳಿವೂ ಇಲ್ಲ, ಬರೀ ಕಪ್ಪು. ಬೇಗ ಬೇಗನೆ ಗಾಳ ಬಿಡಿಸಿ ತಣ್ಣೀರಿನ ತೊಟ್ಟಿಗೆ ಹಾಕಿ, ತೊಟ್ಟಿಯನ್ನು ಮುಚ್ಚುತ್ತಾರೆ.

ಎಸ್ಪೆಗ್ರೆಂಡ್‌ನ ತಣ್ಣನೆಯ ಕತ್ತಲ ಕೋಣೆಗೆ ಬನ್ನಿ. ಬಾಗಿಲು ಹಾಕಿಕೊಳ್ಳಿ. ಮಂದ ಕೆಂಪು ದೀಪವೊಂದಿದೆ, ಅದನ್ನೂ ಆರಿಸಿದರು. ಮೊದಲಿಗೆ ಏನೂ ಕಾಣುವುದಿಲ್ಲ, ನಿಮ್ಮ ಕಣ್ಣು ಕತ್ತಲಿಗೆ ಒಗ್ಗಬೇಕು. ತೊಟ್ಟಿಯ ನೀರು ಹರಿಯುವ ಸದ್ದು ಮಾತ್ರ. ಹೊತ್ತು ಕಳೆದಂತೆ ತೊಟ್ಟಿಯೊಳಗೆ ನೀಲಿಯ ಒಂದು ಮಸುಕು ಚಲಿಸುವುದು ಕಾಣುತ್ತದೆ. ನೇರ ನೋಡಿದರೆ ಮಾಯ, ತುಸು ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ. ನಿಧಾನವಾಗಿ ಅದಕ್ಕೊಂದು ಆಕಾರ ಬರುತ್ತದೆ: ಹೊಟ್ಟೆ, ಪಕ್ಕೆಯ ಗೆರೆ, ಬಾಲ.

ಬೆಲ್ಜಿಯಂನ ಲೂವೆನ್ ಕ್ಯಾಥೋಲಿಕ್ ವಿಶ್ವವಿದ್ಯಾಲಯದಿಂದ ಬಂದ ಮ್ಯಾಲೆಫೆ ಮತ್ತು ಕ್ಲೇಸ್ ಈ ಫ್ಯೋರ್ಡ್‌ನ ಶಾರ್ಕ್‌ಗಳಿಂದಲೇ ಒಂದು ದೊಡ್ಡ ಸಂಗತಿಯನ್ನು ಕಂಡುಕೊಂಡರು. ಬೆಳಕು ಬೀರುವ ಮೂಳೆಮೀನುಗಳಲ್ಲಿ ದೀಪ ಹಚ್ಚುವುದೂ ಆರಿಸುವುದೂ ನರಗಳ ಕೆಲಸ, ಆದ್ದರಿಂದ ಅದು ಕ್ಷಣದಲ್ಲಿ ಆಗುತ್ತದೆ. ಇಲ್ಲೂ ಹಾಗೆಯೇ ಇರಬೇಕೆಂದು ಶಾರ್ಕಿನ ಹೊಟ್ಟೆಯ ಚರ್ಮದ ಸಣ್ಣ ತುಂಡುಗಳನ್ನು ಬೆಳಕಳೆಯುವ ಯಂತ್ರದಲ್ಲಿಟ್ಟು ನರಗಳ ರಾಸಾಯನಿಕಗಳನ್ನು ಹಾಕಿ ನೋಡಿದರು. ಬೆಳಕು ಬರಲಿಲ್ಲ. ಹಾರ್ಮೋನುಗಳನ್ನು ಹಾಕಿದಾಗ ಬಂತು. ಮೆಲಟೋನಿನ್ ಹಾಕಿದರೆ ಬೆಳಕು ನಿಧಾನವಾಗಿ ಏರಿ ಗಂಟೆಗಟ್ಟಲೆ ಉಳಿಯಿತು. ಪ್ರೊಲ್ಯಾಕ್ಟಿನ್ ಹಾಕಿದರೆ ಬೇಗ ಏರಿ ಬೇಗ ಇಳಿಯಿತು. ಚರ್ಮವನ್ನು ಕಪ್ಪಾಗಿಸುವ ಇನ್ನೊಂದು ಹಾರ್ಮೋನು ಎರಡನ್ನೂ ಆರಿಸಿತು. 2009ರಲ್ಲಿ ಇದು ಪ್ರಕಟವಾಯಿತು. ಹಾರ್ಮೋನು ರಕ್ತದಲ್ಲಿ ಹರಿದು ಬರಬೇಕಾದ್ದರಿಂದ ಈ ಬೆಳಕು ಮಿಂಚುಹುಳದ್ದರ ಹಾಗೆ ಮಿನುಗುವುದಿಲ್ಲ, ಹೊತ್ತಿದರೆ ಹೊತ್ತಿಕೊಂಡೇ ಇರುತ್ತದೆ. ಮುಂದಿನ ವರ್ಷ ಅವರು ಇನ್ನೊಂದು ಹೆಜ್ಜೆ ಇಟ್ಟರು. ಆಳವಿಲ್ಲದ ನೀರಿನ ಶಾರ್ಕ್‌ಗಳು ತಳದ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ಬದಲಿಸಿಕೊಳ್ಳುವುದೂ ಇಂಥವೇ ಹಾರ್ಮೋನುಗಳಿಂದ. ಆ ಹಳೆಯ ಏರ್ಪಾಡೇ ಆಳಕ್ಕಿಳಿದ ಮೇಲೆ ಬೆಳಕಿನ ಗುಂಡಿಯಾಯಿತು ಎಂಬುದು ಅವರ ವಿವರಣೆ.

ಮೆಲಟೋನಿನ್ ನಮ್ಮ ಮೈಯಲ್ಲೂ ಇದೆ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಸುರಿದು ನಮಗೆ ನಿದ್ದೆ ತರಿಸುವುದು ಅದೇ. ಅದೇ ರಾಸಾಯನಿಕ ಈ ಮೀನಿನಲ್ಲಿ ದೀಪ ಹಚ್ಚುತ್ತದೆ.

ಪಕ್ಕದ ತೊಟ್ಟಿಯಲ್ಲಿ ಹೊಟ್ಟೆ ದಪ್ಪಗಾದ ಹೆಣ್ಣೊಂದಿದೆ. ಇದು ನೀರಿಗೆ ಮೊಟ್ಟೆಯಿಡುವ ಮೀನಲ್ಲ. ಮೊಟ್ಟೆ ಒಳಗೇ ಒಡೆದು, ಮರಿ ತನ್ನ ಹಳದಿಯ ಚೀಲವನ್ನು ಉಣ್ಣುತ್ತ ಗರ್ಭದಲ್ಲೇ ಬೆಳೆದು ಹನ್ನೆರಡು ಹದಿನಾಲ್ಕು ಸೆಂಟಿಮೀಟರ್ ಉದ್ದವಾದಾಗ ಹೊರಬರುತ್ತದೆ. ಒಂದು ಸೂಲಿಗೆ ಆರರಿಂದ ಇಪ್ಪತ್ತು ಮರಿ. ತಾಯಿಯ ಹೊಟ್ಟೆಯೊಳಗಿದ್ದಾಗಲೇ ಮರಿಯ ಹೊಟ್ಟೆಯಲ್ಲಿ ಬೆಳಕಿನ ಬಟ್ಟಲುಗಳು ಮೂಡಿ, ಹುಟ್ಟುವ ಮೊದಲೇ ಬೆಳಗಲು ತಯಾರಾಗಿರುತ್ತವೆ. ಕಲಿಯಲು ಸಮಯವಿಲ್ಲ, ಹೊರಬಿದ್ದ ಗಳಿಗೆಯಿಂದಲೇ ನೆರಳನ್ನು ಅಳಿಸಿಕೊಳ್ಳಬೇಕು.

ಆಮೇಲಿನ ಬೆಳವಣಿಗೆ ತೀರಾ ನಿಧಾನ. ಇದರ ವಯಸ್ಸನ್ನು ಹೇಳುವುದೂ ಆ ಮುಳ್ಳೇ. ಮುಳ್ಳನ್ನು ಅಡ್ಡ ಕತ್ತರಿಸಿ ನೋಡಿದರೆ ವರ್ಷಕ್ಕೊಂದರಂತೆ ಉಂಗುರ. ಪೋರ್ಚುಗಲ್‌ನ ದಕ್ಷಿಣ ಕರಾವಳಿಯಲ್ಲಿ ಹೀಗೆ ಎಣಿಸಿದಾಗ ಹೆಣ್ಣುಗಳಲ್ಲಿ ಹನ್ನೊಂದು ವರ್ಷ, ಗಂಡುಗಳಲ್ಲಿ ಎಂಟು ವರ್ಷದವರೆಗೆ ಲೆಕ್ಕ ಸಿಕ್ಕಿತು. ಹೆಣ್ಣು ಮರಿ ಹಾಕುವಷ್ಟು ಬಲಿಯಲು ನಾಲ್ಕೈದು ವರ್ಷ ಬೇಕು. ಆ ಕರಾವಳಿಯಲ್ಲೂ ಈ ನಾರ್ವೆಯಲ್ಲೂ ಸೀಗಡಿಗೆಂದು ತಳ ಗೋರುವ ಟ್ರಾಲ್ ಬಲೆಗಳಲ್ಲಿ ಇದು ಬೇಡದ ಮೀನಾಗಿ ಬಂದು ಬೀಳುತ್ತದೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಆದ್ದರಿಂದ ಮತ್ತೆ ಸಮುದ್ರಕ್ಕೆ ಎಸೆಯುತ್ತಾರೆ. ಬಲೆಯೊಳಗೆ ಗಂಟೆಗಟ್ಟಲೆ ಅದುಮಿಸಿಕೊಂಡು ಬಂದದ್ದು ಬದುಕುವುದು ಅಪರೂಪ.

ಇದು ಒಂಟಿ ಜಾತಿಯಲ್ಲ. ಲ್ಯಾಂಟರ್ನ್ ಶಾರ್ಕ್‌ಗಳ ಕುಟುಂಬದಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳಿವೆ. ಕೊಲಂಬಿಯಾದ ಕೆರಿಬಿಯನ್ ಕರಾವಳಿಯಿಂದ ಸ್ಟೀವರ್ಟ್ ಸ್ಪ್ರಿಂಗರ್ ಮತ್ತು ಜಾರ್ಜ್ ಬರ್ಜೆಸ್ 1985ರಲ್ಲಿ ವಿವರಿಸಿದ ಕುಬ್ಜ ಲ್ಯಾಂಟರ್ನ್ ಶಾರ್ಕ್ ಪೂರ್ತಿ ಬೆಳೆದರೂ ಇಪ್ಪತ್ತು ಸೆಂಟಿಮೀಟರ್ ಆಸುಪಾಸು, ಗೊತ್ತಿರುವ ಶಾರ್ಕ್‌ಗಳಲ್ಲಿ ಅತಿ ಚಿಕ್ಕವುಗಳಲ್ಲೊಂದು. ನೆಂಟರಲ್ಲಿ ದೊಡ್ಡವೂ ಇವೆ. ಮ್ಯಾಲೆಫೆ ಅವರ ತಂಡ 2020ರ ಜನವರಿಯಲ್ಲಿ ನ್ಯೂಜಿಲೆಂಡಿನ ಪೂರ್ವಕ್ಕಿರುವ ಚಾಥಮ್ ರೈಸ್‌ನಲ್ಲಿ ಹಿಡಿದ ಕೈಟ್‌ಫಿನ್ ಶಾರ್ಕ್ ಬೆಳೆದರೆ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಉದ್ದದವರೆಗೂ ಹೋಗುತ್ತದೆ. ಅದೂ ಬೆಳಗುತ್ತದೆಂದು ಮರುವರ್ಷ ಪ್ರಕಟಿಸಿದರು. ಬೆನ್ನುಮೂಳೆಯಿರುವ ಪ್ರಾಣಿಗಳಲ್ಲಿ ಸ್ವಂತ ಬೆಳಕುಳ್ಳ ಅತಿ ದೊಡ್ಡದು ಅದೇ.

ಈಗ ಆ ಎಣ್ಣೆಯ ಮಾತು. ಆಳನೀರಿನ ಶಾರ್ಕ್‌ಗಳನ್ನು ತೇಲಿಸುವ ಯಕೃತ್ತಿನ ಎಣ್ಣೆಯಲ್ಲಿ ಸ್ಕ್ವಾಲೀನ್ ಎಂಬ ವಸ್ತು ಹೇರಳ. ಮುಖಕ್ಕೆ ಹಚ್ಚುವ ಕ್ರೀಮು, ಸೀರಮ್ಮುಗಳಿಗೆ ಬಳಸುವ ಸ್ಕ್ವಾಲೇನ್ ಅದರಿಂದಲೇ ತಯಾರಾಗುತ್ತಿತ್ತು, ಈಗಲೂ ಕೆಲವೆಡೆ ಆಗುತ್ತಿದೆ. ಸ್ವಾರ್ಟ್‌ಹೋಗಿಂತ ಅದರ ದೊಡ್ಡ ಸೋದರಸಂಬಂಧಿ ಗಲ್ಪರ್ ಶಾರ್ಕ್‌ಗಳಿಗೆ ಈ ಎಣ್ಣೆ ಹೆಚ್ಚು ಕುತ್ತು ತಂದಿದೆ. ಇದು ದೂರದ ಕಥೆಯಲ್ಲ. ಮಲ್ಪೆ, ಮಂಗಳೂರಿನವರು ತಾಟೆ ಎಂದು ಕರೆಯುವ ದಡದ ಶಾರ್ಕ್‌ಗಳು ಬೇರೆ. ನಮ್ಮದೇ ಅರಬ್ಬಿ ಸಮುದ್ರದ ಆಳದಿಂದ ಗಲ್ಪರ್ ಶಾರ್ಕ್‌ಗಳು ಕೊಚ್ಚಿಯ ಮೀನುಗಾರಿಕೆ ಬಂದರಿಗೆ ಬಂದಿಳಿದದ್ದನ್ನೂ, ಯಕೃತ್ತಿನ ಎಣ್ಣೆಯೇ ಅವುಗಳ ಮುಖ್ಯ ಬೆಲೆಯೆಂಬುದನ್ನೂ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಗಲ್ಪರ್‌ಗಳ ಹಲವು ಜಾತಿಗಳು ಒಂದು ಸೂಲಿಗೆ ಹಾಕುವುದು ಒಂದೋ ಎರಡೋ ಮರಿ. ಅಂಥ ಮೀನನ್ನು ಬೆಳೆಯುವುದಕ್ಕಿಂತ ವೇಗವಾಗಿ ಹಿಡಿದರೆ ಅದು ಉಳಿಯುವುದಿಲ್ಲ.

ಅದೇ ಸ್ಕ್ವಾಲೇನ್ ಆಲಿವ್ ಎಣ್ಣೆಯಿಂದಲೂ ಕಬ್ಬಿನ ಸಕ್ಕರೆಯಿಂದಲೂ ತಯಾರಾಗುತ್ತದೆ, ಗುಣದಲ್ಲಿ ಎಳ್ಳಷ್ಟೂ ಕಡಿಮೆಯಿಲ್ಲ. ಮುಂದಿನ ಸಲ ಅಂಗಡಿಯಲ್ಲಿ ಕ್ರೀಮಿನ ಡಬ್ಬಿ ಕೈಗೆತ್ತಿಕೊಂಡಾಗ ಹಿಂಬದಿಯ ಸಣ್ಣಕ್ಷರವನ್ನು ಓದಿ. ಸ್ಕ್ವಾಲೇನ್ ಎಂದಿದ್ದು ಅದು ಸಸ್ಯಮೂಲದ್ದೆಂದು ಬರೆದಿಲ್ಲದಿದ್ದರೆ ಎಲ್ಲಿಂದ ಬಂತೆಂದು ತಯಾರಕರಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಕೊಳ್ಳಬೇಡಿ.